ಗುಂಡು ಹಲ್ಲಿನ ಚೈನು

ಅಪ್ಪ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅದು ಅವನದೇ ಹೆಜ್ಜೆಯೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ತಲೆ ಎತ್ತಲಿಲ್ಲ. ಕಿಟಕಿಯ ಬೆಳಕಿಗೆ ಮುಖ ಮಾಡಿ ಗಿಡ್ಡ ಸ್ಟೂಲಿನ ಮೇಲೆ ಕೂತು ಯಾರದೋ ಗರಗಸದ ಚೈನಿಗೆ ಅರ ಹಾಕುತ್ತಿದ್ದವಳು ಇನ್ನೊಂದು ಹಲ್ಲಿಗೆ ಸರಿದಳು. ಒಂದು ಬಿಟ್ಟು ಒಂದು ಹಲ್ಲು, ಪ್ರತಿ ಹಲ್ಲಿಗೂ ಮೂರೇ ಸಲ. ಅರವನ್ನು ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಬೇಕು. ಅಪ್ಪ ಹೊಸ್ತಿಲಲ್ಲಿ ನಿಂತು, ಪರರ ಮನೆಗೆ ಬಂದವನ ಹಾಗೆ ಒಮ್ಮೆ ಕೆಮ್ಮಿದ. ಹೆಗಲ ಮೇಲಿದ್ದ ಯಂತ್ರದ ಗರಗಸವನ್ನು ಇಳಿಸಿ ಕಟ್ಟೆಯ ಮೇಲಿಟ್ಟ. ಅವಳು ಅಲ್ಲೇ, ಮೂರು ಮಾರು ದೂರದಲ್ಲಿ ಕೂತಿದ್ದಳು. ಆದರೂ ಅವನು ಒಳಕೋಣೆಯ ಕತ್ತಲಿನ ಕಡೆಗೆ ಕತ್ತು ಚಾಚಿ, ಅಳಿಯಂದಿರು ಇದ್ದಾರಾ ಎಂದು ಕೂಗಿದ. ಒಳಗಿಂದ ಭಾವ, ಬಂದೆ ಮಾವ, ಕೂತ್ಕೊಳ್ಳಿ ಎಂದ. ಕೂರಲು ಅಂಗಡಿಯಲ್ಲಿ ಇದ್ದದ್ದು ಅವಳು ಕೂತಿದ್ದ ಸ್ಟೂಲು ಮಾತ್ರ. ಅಪ್ಪ ನಿಂತೇ ಇದ್ದ. ಅವಳ ಅರ ನಿಲ್ಲಲಿಲ್ಲ. ಏಳಬೇಕಿತ್ತು ಎಂದು ಅವಳಿಗೆ ಅನಿಸಿತು, ಅನಿಸಿದ ಮೇಲೂ ಎರಡು ಹಲ್ಲು ಮುಗಿದವು, ಆಮೇಲೆ ಏಳುವುದು ತಡವಾಗಿ ಎದ್ದ ಹಾಗಾಗುತ್ತದೆ ಎಂದು ಕೂತೇ ಇದ್ದಳು.

ಅಪ್ಪ ಬಂದದ್ದು ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇಕರಿಯವರ ಹಿತ್ತಲಿನಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಗಟ್ಟಿ ಮರದ ರಾಶಿಯನ್ನು ಭಟ್ಟಿಗೆ ಸೌದೆ ಮಾಡಿಕೊಡುವ ಕೆಲಸ. ಕೆಲಸಕ್ಕೆ ಬಂದವರು ಇಬ್ಬರು, ಒಬ್ಬ ಅಪ್ಪ, ಇನ್ನೊಬ್ಬ ಎಲ್ಲರೂ ಎಡಚ ಎಂದು ಕರೆಯುವ ಸೌದೆಯವನು. ಇಬ್ಬರೂ ಇವತ್ತು ಬಂದು ನಾಲ್ಕು ನಾಲ್ಕು ದಿಮ್ಮಿ ಕೊಯ್ದು ತೋರಿಸಲಿ, ಯಾರದು ಚೊಕ್ಕವಾಗಿ ಬೇಗ ಮುಗಿಯುತ್ತದೋ ವರ್ಷದ ಕೆಲಸ ಅವನಿಗೆ ಎಂದಿದ್ದರು ಬೇಕರಿಯವರು. ಅಪ್ಪ ಹನ್ನೊಂದು ವರ್ಷ ಪೆಟ್ಟಿಗೆ ಕಾರ್ಖಾನೆಗೆ ಮೆದು ಮರ ಕೊಯ್ದವನು. ಕಾರ್ಖಾನೆಯವರು ಮರ ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದ ಮೇಲೆ ಅವನ ಗರಗಸ ಮಂಚದ ಕೆಳಗೆ ಹೋಯಿತು. ಹೋದ ತಿಂಗಳು ಊಟಕ್ಕೆ ಕೂತಾಗ ಭಾವ, ಯಾಕೆ ಮಾವ ಸುಮ್ಮನೆ ಒದ್ದಾಡ್ತೀರಿ, ನಮ್ಮ ಅಂಗಡೀಲೇ ಬಂದು ಕೂತ್ಕೊಳ್ಳಿ, ಬೆಳಿಗ್ಗೆ ಬಾಗಿಲು ತೆಗೆಯೋದು, ಒಂದು ಸಲ ಕಸ ಗುಡಿಸೋದು, ನಾಲ್ಕು ಜನಕ್ಕೆ ಚಾ ತಂದುಕೊಡೋದು, ಇನ್ನೇನಿದೆ ಎಂದಿದ್ದ. ಅಷ್ಟು ಸಿಹಿಯಾಗಿ ಅಂದಿದ್ದನೆಂದರೆ ಬೇಡ ಅನ್ನಲು ಸಂದೇ ಇರಲಿಲ್ಲ. ಅಪ್ಪ ನೋಡೋಣ ಎಂದ. ಬಾಯಲ್ಲಿದ್ದ ತುತ್ತನ್ನು ಅವನು ಎಷ್ಟು ಹೊತ್ತು ಅಗಿದ ಎಂದು ಎದುರಿಗೆ ಕೂತಿದ್ದ ಅವಳು ನೋಡಿದ್ದಳು. ಇವತ್ತು ಗೆದ್ದರೆ ಬೇಕರಿಯ ಹಿತ್ತಲು, ಸೋತರೆ ಅಳಿಯನ ಅಂಗಡಿಯ ಪೊರಕೆ.

ಭಾವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅಪ್ಪನ ಗರಗಸದಲ್ಲಿದ್ದ ಹಳೆಯ ಚೈನನ್ನು ಬೆರಳಿನಿಂದ ಮೀಟಿ, ಇದಕ್ಕಿನ್ನು ಮಾಡೋದೇನೂ ಉಳಿದಿಲ್ಲ ಮಾವ ಎಂದು ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದ. ಆ ಮಾತು ನಿಜ. ಹಲ್ಲುಗಳು ಸವೆದು ಅಕ್ಕಿಕಾಳಿನಷ್ಟು ಉಳಿದಿದ್ದವು. ಗೋಡೆಯಲ್ಲಿ ಎರಡು ಸಾಲು ಗೂಟ. ಒಂದು ಸಾಲಿನಲ್ಲಿ ಮೂಲೆ ಹಲ್ಲಿನ ಚೈನು: ಹಲ್ಲಿನ ತುದಿ ಚೌಕಾಕಾರ, ಮೂಲೆ ಸೂಜಿಯ ಹಾಗೆ, ಹಸಿ ಮರದಲ್ಲಿ, ಮೆದು ಮರದಲ್ಲಿ ಸರ್ರನೆ ಹೋಗುತ್ತದೆ. ಇನ್ನೊಂದು ಸಾಲಿನಲ್ಲಿ ಗುಂಡು ಹಲ್ಲಿನದು: ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿರುತ್ತಾರೆ, ನೋಡಲು ಮೊದ್ದು, ಓಟ ಒಂದು ಕೈ ಕಡಿಮೆ, ಬೆಲೆಯೂ ಕಡಿಮೆ. ಆದರೆ ಒಣಗಿ ಕಬ್ಬಿಣವಾದ ಮರದಲ್ಲಿ, ತೊಗಟೆಯೊಳಗೆ ಮಣ್ಣು ಹೊಕ್ಕ ಮರದಲ್ಲಿ ತಾಳುವುದು ಅದೇ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾರಾಟವೆಲ್ಲ ಭಾವನದು, ಮಾರಿದ್ದು ಮೊಂಡಾಗಿ ವಾಪಸು ಬಂದಾಗ ಮಾತ್ರ ಅವಳ ಕೈಗೆ ಬೀಳುತ್ತಿತ್ತು. ಐದು ವರ್ಷದಿಂದ ಬರುತ್ತಿದ್ದವು, ಎಣ್ಣೆ ಜಿಡ್ಡಿನ ಕಾಗದದಲ್ಲಿ ಸುತ್ತಿಕೊಂಡು. ಯಾವುದರ ಮೂಲೆ ಮುರಿದಿದೆ, ಯಾವುದರ ಅಂಚಿನಲ್ಲಿ ಬಿಳಿ ಗೆರೆ ಹೊಳೆಯುತ್ತಿದೆ, ಯಾವುದು ಒಂದೇ ಮಗ್ಗುಲಿಗೆ ಸವೆದಿದೆ ಎಂದು ಬೆರಳು ಸವರಿ ನೋಡಿದರೆ ಕೊಯ್ದದ್ದು ಯಾವ ಮರ, ಹಿಡಿದದ್ದು ಎಂಥ ಕೈ ಎಂದು ಅವಳು ಹೇಳಬಲ್ಲವಳಾಗಿದ್ದಳು. ಹೇಳು ಎಂದು ಯಾರೂ ಕೇಳುತ್ತಿರಲಿಲ್ಲ ಅಷ್ಟೆ. ಭಾವ ಗಿರಾಕಿಗಳ ಮುಂದೆ ಅವಳನ್ನು ನಮ್ಮ ಮೂಗಿ ಎನ್ನುತ್ತಿದ್ದ. ಮೂಗಿಯ ಕೈಗೆ ಕೊಡಿ, ಚೂಪು ಮಾಡಿ ಕೊಡ್ತಾಳೆ.

ಭಾವ ಕೈ ಚಾಚಿದ್ದು ಮೂಲೆ ಹಲ್ಲಿನ ಸಾಲಿಗೆ. ಅದರಲ್ಲೂ ಮೇಲಿನ ಗೂಟಕ್ಕೆ, ಪೆಟ್ಟಿಗೆಯಲ್ಲಿ ಬರುವ, ಗೋಲ್ಡು ಬಣ್ಣದ ಚೀಟಿಯಿರುವ ಸುರುಳಿಗೆ. ಅಪ್ಪ ಒಂದು ಕ್ಷಣ ಅನುಮಾನಿಸಿದ. ಮರ ಒಣಗಿದ್ದಂತೆ, ತುಂಬ ಗಟ್ಟಿಯಂತೆ, ಆ ಇನ್ನೊಂದು ತರಹದ್ದು ಹಾಕ್ತಾರಂತಲ್ಲ ಕೆಲವರು ಎಂದು, ಮಾತನ್ನು ಅರ್ಧ ನುಂಗುತ್ತ ಕೇಳಿದ. ಭಾವ ನಕ್ಕ.

"ಆ ಗುಂಡು ಹಲ್ಲಿಂದಾ? ಅದು ದಾರೀಲಿ ಹೋಗೋರಿಗೆ ಕೊಡೋ ಮಾಲು ಮಾವ. ನನ್ನ ಮಾವನ ಕೈಗೆ ಅದನ್ನ ಕೊಟ್ಟು ಕಳಿಸಿದೆ ಅಂತ ಗೊತ್ತಾದ್ರೆ ನಿಮ್ಮ ದೊಡ್ಡ ಮಗಳು ನನ್ನ ಮನೆಯೊಳಗೆ ಬಿಡ್ತಾಳಾ? ಗಟ್ಟಿ ಮರಕ್ಕೆ ಚೂಪಾದ ಹಲ್ಲೇ ಬೇಕು, ಚಿಕ್ಕ ಮಕ್ಕಳಿಗೂ ಗೊತ್ತು."

ದುಡ್ಡಿನ ಮಾತೆತ್ತಬೇಡಿ, ಇದು ನನ್ನ ಕಡೆಯಿಂದ ಎಂದೂ ಸೇರಿಸಿದ. ಕಟ್ಟೆಯ ಕೆಳಗಿಂದ ಪ್ಯಾಕಿಂಗ್ ಹಲಗೆಯೊಂದನ್ನು ಎಳೆದು, ಅಂಗಡಿಯ ಗರಗಸಕ್ಕೆ ಹಾಕಿದ್ದ ಅದೇ ಜಾತಿಯ ಚೈನಿನಿಂದ ಅದನ್ನು ಎರಡು ತುಂಡು ಮಾಡಿ ತೋರಿಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ಹೋಗದೆ ಏನು, ಅದು ಮೆದು ಮರ. ಅಪ್ಪ ತಲೆಯಾಡಿಸಿದ. ಅಳಿಯ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನು ಎತ್ತಿಕೊಡುವಾಗ, ಇದು ಬೇಡ, ಆ ಕಡಿಮೆಯದು ಕೊಡಿ ಎನ್ನುವ ಮಾವ ಎಲ್ಲಾದರೂ ಇದ್ದಾನೆಯೇ? ಅಂದರೆ ಅದು ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ, ಹೆಣ್ಣು ಕೊಟ್ಟ ಮನೆಯಲ್ಲಿ ತನ್ನ ಬೆಲೆಯನ್ನು ತಾನೇ ಇಳಿಸಿಕೊಂಡ ಹಾಗೆ. ಅಪ್ಪನ ಮುಖದಲ್ಲಿ ಇವೆಲ್ಲ ಒಂದರ ಹಿಂದೆ ಒಂದು ಹಾದುಹೋದದ್ದನ್ನು ಅವಳು ಓರೆಗಣ್ಣಿನಿಂದ ನೋಡಿದಳು. ಅರ ಅವಳ ಕೈಯಲ್ಲಿ ನಿಂತಿತ್ತು.

ಒಂದು ಮಾತು ಸಾಕಾಗಿತ್ತು. ಬೇಡ ಭಾವ, ಆ ಮರಕ್ಕೆ ಇದು ನಿಲ್ಲಲ್ಲ. ಆ ಮಾತು ನಾಲಿಗೆಯ ತುದಿಯವರೆಗೆ ಬಂದು, ಬಂದ ದಾರಿಯಲ್ಲೇ ಹಿಂದೆ ಹೋಯಿತು. ಎರಡು ವರ್ಷದ ಹಿಂದೆ ಹೀಗೇ ಒಂದು ಸಲ ಬಾಯಿ ಬಿಟ್ಟಿದ್ದಳು. ಒಬ್ಬ ಗಿರಾಕಿಗೆ ಭಾವ ಕಟ್ಟಿಕೊಡುತ್ತಿದ್ದ ಚೈನಿನ ಕೊಂಡಿ ದಪ್ಪ, ಅವರ ಗರಗಸದ ಪಟ್ಟಿಯ ಸಂದಿಯಲ್ಲಿ ಕೂರುವುದಿಲ್ಲ ಎಂದಿದ್ದಳು. ಕೂರಲಿಲ್ಲ ಕೂಡ. ಭಾವ ಅಂಗಡಿ ತುಂಬ ನಕ್ಕು, ನೋಡಿ ಸ್ವಾಮಿ, ಏಳನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟವಳು ನನಗೆ ಪಾಠ ಹೇಳ್ತಿದ್ದಾಳೆ ಎಂದ. ಎಲ್ಲರೂ ನಕ್ಕರು, ಆ ಗಿರಾಕಿಯೂ ನಕ್ಕ. ಅಕ್ಕ ಎಂಟು ದಿನ ಮಾತು ಬಿಟ್ಟಳು. ಆದರೆ ಈಗ ಅವಳ ಬಾಯಿ ಕಟ್ಟಿದ್ದು ಅದೊಂದೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಭಾವನ ಭಯವೇ ಆಗಿದ್ದರೆ ತನ್ನನ್ನು ತಾನು ಕ್ಷಮಿಸಿಕೊಳ್ಳಬಹುದಿತ್ತು. ಅವಳ ಕಣ್ಣೆದುರು ಇದ್ದದ್ದು ಶಾಲೆಯ ದೊಡ್ಡ ಟೀಚರ ಕೋಣೆ, ಕಿಟಕಿಯ ಸರಳಿನ ನೆರಳು ಮೇಜಿನ ಮೇಲೆ ಬಿದ್ದಿದ್ದು, ಅಪ್ಪ ಮೇಜಿನ ಈಚೆ ನಿಂತು, ಇವಳಿಗೆ ಓದು ತಲೆಗೆ ಹತ್ತಲ್ಲ ಮೇಡಂ ಎಂದು ಎಷ್ಟು ಸಲೀಸಾಗಿ ಅಂದಿದ್ದು. ಆ ತಿಂಗಳು ಅವಳು ತರಗತಿಗೆ ಮೂರನೆಯವಳು. ಮರ ಹಿಡಿಯಲು, ಅಳತೆಗೆ ಗುರುತು ಹಾಕಲು ಒಬ್ಬರು ಬೇಕು ಎಂದಿದ್ದರೆ ಅವಳು ನಗುನಗುತ್ತಾ ಬಂದುಬಿಡುತ್ತಿದ್ದಳು. ಹಾಗೆ ಹೇಳಲು ಅವನಿಗೆ ನಾಚಿಕೆಯಾಯಿತು. ತನ್ನ ನಾಚಿಕೆಯನ್ನು ಅವಳ ತಲೆಯ ಮೇಲೆ ಇಟ್ಟ. ಟೀಚರು ಅಂಕದ ಪಟ್ಟಿಯನ್ನೂ ಅವನನ್ನೂ ಒಂದೊಂದು ಸಲ ನೋಡಿ ಪುಸ್ತಕ ಮುಚ್ಚಿದರು. ಅಂದಿನಿಂದ ಅಪ್ಪ ಅವಳಿಗೆ ಅದು ತಾ, ಇದು ಹಿಡಿ, ಆಚೆ ಸರಿ ಎಂದದ್ದುಂಟು. ಇದು ಹೇಗೆ, ಅದು ಯಾಕೆ ಎಂದು ಕೇಳಿದ್ದಿಲ್ಲ. ತಾನು ಹೇಳಿದ ಸುಳ್ಳನ್ನು ಮೊದಲು ನಂಬಿದವನು ಅವನೇ ಇರಬೇಕು.

ಕೇಳಲಿ ಎಂದು ಅವಳು ಕಾದಳು. ತಿರುಗಿ ಒಂದು ಸಲ, ನೀನೇನಂತೀಯೇ ಎಂದು ಕೇಳಲಿ. ಅಷ್ಟು ಕೇಳಿದರೆ ಭಾವ ನಗಲಿ, ಅಕ್ಕ ಮಾತು ಬಿಡಲಿ, ಹೇಳಿಯೇಬಿಡುತ್ತೇನೆ. ಅಪ್ಪನ ಕಣ್ಣು ಗೋಡೆಯ ಗೂಟಗಳ ಮೇಲೆ ಹರಿಯಿತು, ಗುಂಡು ಹಲ್ಲಿನ ಸಾಲಿನ ಮೇಲೂ ಹೋಯಿತು, ಅವಳ ನೆತ್ತಿಯ ಮೇಲಿಂದ ಹಾದು ಕ್ಯಾಲೆಂಡರಿನ ಮೇಲೆ ನಿಂತು, ಹಿಂದಿರುಗಿ ಭಾವನ ಮುಖಕ್ಕೆ ಬಂತು. ನಿಮಗೆ ಸರಿ ಕಂಡದ್ದೇ ಹಾಕಿಸಿ ಎಂದ.

ಹಾಕುವವಳು ಅವಳು. ಭಾವ ಸುರುಳಿಯನ್ನು ಅವಳ ಮುಂದೆ ಇಟ್ಟು ಹೋದ. ಅವಳು ಎಪ್ಪತ್ತೆರಡು ಕೊಂಡಿ ಎಣಿಸಿದಳು, ಸಂಶಯ ಬಂದು ಮತ್ತೊಮ್ಮೆ ಎಣಿಸಿದಳು, ರಿವೆಟ್ ಒತ್ತಿ ತೆಗೆದು ಚೈನು ತುಂಡು ಮಾಡಿ, ಎರಡು ತುದಿ ಕೂಡಿಸಿ ಹೊಸ ರಿವೆಟ್ ಹಾಕಿ ಅದರ ತಲೆ ಅಗಲ ಮಾಡಿದಳು. ಕೆಲಸದಲ್ಲಿ ಕೈ ಸುಳ್ಳು ಹೇಳಲಿಲ್ಲ. ಇಷ್ಟು ಚೊಕ್ಕವಾಗಿ ಅವಳು ಯಾವ ಚೈನನ್ನೂ ಕೂಡಿಸಿರಲಿಲ್ಲ. ಅಪ್ಪನ ಗರಗಸಕ್ಕೆ ಅದನ್ನು ತೊಡಿಸಿ, ಎಳೆತ ಸರಿ ಮಾಡಿದಳು. ಅರ, ಸ್ಪ್ಯಾನರು, ಎಣ್ಣೆ ಬಟ್ಟೆಯನ್ನು ತಗಡಿನ ಡಬ್ಬಿಗೆ ತುಂಬುವಾಗ ಕಣ್ಣಿನ ನೇರಕ್ಕೆ, ಕೆಳಗಿನ ಗೂಟದಲ್ಲಿ, ಗುಂಡು ಹಲ್ಲಿನ ಒಂದು ಚೈನು ತೂಗಾಡುತ್ತಿತ್ತು. ಎಪ್ಪತ್ತೆರಡು ಕೊಂಡಿಯದೇ. ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟದ್ದು. ಡಬ್ಬಿಯ ತಳದಲ್ಲಿ, ಬಟ್ಟೆಯ ಕೆಳಗೆ ಸುರುಳಿ ಸುತ್ತಿ ಇಟ್ಟರೆ ಯಾರಿಗೂ ಕಾಣದು. ಕೈ ಚಾಚಿ ಅದನ್ನು ಮುಟ್ಟಿದಳು. ತಣ್ಣಗಿತ್ತು. ಕೇಳಲಿಲ್ಲವಲ್ಲ ಎಂದು ಮನಸ್ಸಿನಲ್ಲಿ ಯಾರೋ ಅಂದರು, ಅವಳ ದನಿಯಲ್ಲೇ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಎಣ್ಣೆ ಕ್ಯಾನು ಹೊರಲು ಒಬ್ಬರು ಬೇಕಲ್ಲ, ನೀನೂ ಹೋಗೇ ಎಂದ ಭಾವ. ಅಪ್ಪ ಗರಗಸ ಹೊತ್ತು ಮುಂದೆ, ಅವಳು ಒಂದು ಕೈಯಲ್ಲಿ ಕ್ಯಾನು ಇನ್ನೊಂದರಲ್ಲಿ ಡಬ್ಬಿ ಹಿಡಿದು ಹಿಂದೆ. ದಾರಿಯುದ್ದಕ್ಕೂ ಅಪ್ಪ ಎಂದೂ ಇಲ್ಲದಷ್ಟು ಮಾತಾಡಿದ. ಅಳಿಯಂದಿರು ಎಷ್ಟೇ ಆಗಲಿ ದೊಡ್ಡ ಮನಸ್ಸಿನವರು. ಈ ಕೆಲಸ ಕೈಗೆ ಬಂದರೆ ವರ್ಷಕ್ಕೆ ನಿಶ್ಚಿಂತೆ. ಆಮೇಲೆ ನೀನೂ ಅಲ್ಲಿ ಜಿಡ್ಡಿನಲ್ಲಿ ಕೂರೋದು ಬೇಡ, ಮನೇಲಿರು. ಮನೇಲಿರು ಎಂಬ ಮಾತನ್ನು ಅವನು ಬಹುಮಾನದ ಹಾಗೆ ಹೇಳಿದ. ಅವಳಿಗೆ ಕ್ಯಾನಿನ ಹಿಡಿ ಬೆರಳು ಕೊಯ್ಯುತ್ತಿತ್ತು. ಈಗಲೂ ಹೇಳಬಹುದು, ಓಡಿ ಹೋಗಿ ತಂದರೂ ಹೊತ್ತಿದೆ ಎಂದು ಪ್ರತಿ ತಿರುವಿನಲ್ಲೂ ಅಂದುಕೊಂಡಳು. ತಿರುವುಗಳು ಮುಗಿದು ಬೇಕರಿಯ ಹಿಂದಿನ ಗೇಟು ಬಂತು.

ಹಿತ್ತಲಿನಲ್ಲಿ ಬೂದಿ ಬಣ್ಣದ ದಿಮ್ಮಿಗಳು ಒಂದರ ಮೇಲೊಂದು ಬಿದ್ದಿದ್ದವು. ತುದಿಗಳಲ್ಲಿ ಬಿಸಿಲಿಗೆ ಸೀಳಿದ ಬಿರುಕು, ತೊಗಟೆಯ ಸಂದಿನಲ್ಲಿ ಒಣಗಿದ ಕೆಸರು. ಅಪ್ಪ ಒಂದಕ್ಕೆ ಬೆರಳಿನ ಗೆಣ್ಣಿನಿಂದ ತಟ್ಟಿದ. ಕಲ್ಲಿಗೆ ತಟ್ಟಿದ ಸದ್ದು. ಅವನ ಬೆನ್ನು ಅವಳ ಕಡೆಗಿತ್ತು, ಆದರೂ ಅವನ ಮುಖ ಹೇಗಾಗಿರಬಹುದೆಂದು ಅವಳಿಗೆ ಕಂಡಿತು. ಎಡಚ ಆಗಲೇ ಬಂದು ತನ್ನ ಪಾಲಿನ ನಾಲ್ಕು ದಿಮ್ಮಿಗಳನ್ನು ಉರುಳಿಸಿಕೊಂಡು, ತಂತಿ ಬ್ರಶ್ಶಿನಿಂದ ಕೊಯ್ಯುವ ಜಾಗದ ಮಣ್ಣು ಉಜ್ಜುತ್ತಿದ್ದ. ಅವಳನ್ನು ಕಂಡು ಬ್ರಶ್ಶು ಎತ್ತಿ, ತಿಂಡಿ ಆಯ್ತೇನಮ್ಮ ಎನ್ನುವ ಹಾಗೆ ನಕ್ಕ. ಅವಳು ನೆಲ ನೋಡಿದಳು. ಅವನ ಗರಗಸದಲ್ಲಿದ್ದದ್ದು ಗುಂಡು ಹಲ್ಲಿನ ಚೈನು. ಹೋದ ವಾರ ಭಾವ ಇಲ್ಲದ ಹೊತ್ತಿನಲ್ಲಿ ಬಂದು, ಕಟ್ಟೆಗೆ ಮೊಣಕೈ ಊರಿ, ನೀನು ದಿನಾ ನೋಡ್ತೀಯಲ್ಲಮ್ಮ, ಬೇಕರಿ ಮರಕ್ಕೆ ಯಾವುದು ಹಾಕಿದ್ರೆ ಒಳ್ಳೇದು ಹೇಳು ಎಂದು ಕೇಳಿದ್ದ. ಕೇಳಿದ್ದ, ಅಷ್ಟೆ. ಅದಕ್ಕೇ ಅವಳು ಹೇಳಿದ್ದಳು. ಯಾವುದು, ಯಾಕೆ, ಅರ ಎಷ್ಟು ಓರೆ ಹಿಡಿಯಬೇಕು, ಮಣ್ಣು ಮೊದಲು ಉಜ್ಜಬೇಕು ಎಂದು, ಉಸಿರು ಬಿಡದೆ. ಹಲ್ಲು ತಿದ್ದಿ, ಚೈನನ್ನು ತಾನೇ ಜೋಡಿಸಿಯೂ ಕೊಟ್ಟಿದ್ದಳು. ಮುಗಿದ ಮೇಲೆ ಕೆನ್ನೆ ಬಿಸಿಯಾಗಿತ್ತು. ಅಪ್ಪನೂ ಅದೇ ಕೆಲಸಕ್ಕೆ ಹೋಗುತ್ತಾನೆಂದು ಆಗ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದಳು ಎಂದು ಈಗ ಅವಳಿಗೆ ಅನಿಸಿತು, ಮತ್ತು ಹಾಗೆ ಅನಿಸಿದ್ದು ಅವಳನ್ನು ಹೆದರಿಸಿತು.

ಬೇಕರಿಯವರು ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದು, ತುಂಡು ಒಂದೂವರೆ ಗೇಣಿಗಿಂತ ಹೆಚ್ಚಿರಬಾರದು, ಭಟ್ಟಿಯ ಬಾಯಿಗೆ ಹಿಡಿಯಬೇಕು ಎಂದು ಅಳತೆಯ ಕೋಲು ಕೊಟ್ಟರು. ಎರಡು ಗರಗಸ ಒಟ್ಟಿಗೆ ಕೂಗಿದವು. ಮೊದಲ ತುಂಡಿಗೆ ಅಪ್ಪನದೇ ಮುಂದೆ. ಮೂಲೆ ಹಲ್ಲು ಮರದೊಳಕ್ಕೆ ಹಸಿದವನು ಅನ್ನಕ್ಕೆ ಬಿದ್ದ ಹಾಗೆ ಬಿತ್ತು, ಚಕ್ಕೆಗಳು ಅವನ ಕಾಲ ಬಳಿ ಹಾರಿದವು, ಅಪ್ಪ ಕತ್ತೆತ್ತಿ ಎಡಚನ ಕಡೆ ಒಂದು ನೋಟ ಬಿಟ್ಟ. ಆ ನೋಟದಲ್ಲಿ ಪೆಟ್ಟಿಗೆ ಕಾರ್ಖಾನೆಯ ಹನ್ನೊಂದು ವರ್ಷವೂ ಇತ್ತು. ನಾನೇ ತಪ್ಪು ತಿಳಿದಿರಬಹುದು ಎಂದು ಅವಳು ಅಂದುಕೊಂಡಳು, ಆಸೆಯಿಂದ. ಆಸೆಯ ಒಳಗೆ ಅಕ್ಕಿಯೊಳಗಿನ ಕಲ್ಲಿನ ಹಾಗೆ ಒಂದು ಸಣ್ಣ ನಿರಾಸೆ. ಮೂರನೆಯ ತುಂಡಿನಲ್ಲಿ ಸದ್ದು ಬದಲಾಯಿತು. ಅವಳಿಗೆ ಮೊದಲು, ಆಮೇಲೆ ಅಪ್ಪನಿಗೆ ಕೇಳಿಸಿತು. ಚಕ್ಕೆ ನಿಂತು ಪುಡಿ ಬರತೊಡಗಿತು. ಹರಿತವಾದ ಹಲ್ಲು ಮರವನ್ನು ಚಕ್ಕೆಚಕ್ಕೆಯಾಗಿ ಉಗುಳುತ್ತದೆ, ಮೊಂಡಾದದ್ದು ಬೀಸುವ ಕಲ್ಲಿನ ಹಾಗೆ ಹುಡಿ ಮಾಡುತ್ತದೆ. ಅಪ್ಪ ಗರಗಸದ ಮೇಲೆ ಮೈಭಾರ ಹಾಕಿದ. ಹೊಗೆ ಬಂತು. ಯಂತ್ರ ನಿಲ್ಲಿಸಿ ಅರಕ್ಕೆ ಕೈ ಚಾಚಿದ, ಕೊಟ್ಟಳು. ಮಂಡಿಯೂರಿ ಗಡಿಬಿಡಿಯಲ್ಲಿ ಹಲ್ಲುಗಳಿಗೆ ಉಜ್ಜಿದ, ಒಂದಕ್ಕೆ ಐದು ಸಲ, ಇನ್ನೊಂದಕ್ಕೆ ಎರಡು. ನಾನು ಹಾಕಲಾ ಅಪ್ಪ ಎಂದು ಅವಳು ಮೆಲ್ಲಗೆ ಅಂದದ್ದಕ್ಕೆ, ಎಲ್ಲರೂ ನೋಡ್ತಿದ್ದಾರೆ, ಆಚೆ ಸರಿ ಎಂದ. ಮತ್ತೆ ಎರಡು ತುಂಡು ಹೋಯಿತು, ಮತ್ತೆ ಹೊಗೆ, ಮತ್ತೆ ಅರ. ಎರಡು ಮಗ್ಗುಲಿನ ಹಲ್ಲು ಸಮ ಇಲ್ಲದೆ ಗರಗಸ ಈಗ ಓರೆಗೆ ಎಳೆಯತೊಡಗಿತು. ತುಂಡುಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ. ಆಚೆ ಕಡೆ ಎಡಚನ ಯಂತ್ರ ಹೆಚ್ಚೂ ಕೂಗದೆ ಕಡಿಮೆಯೂ ಆಗದೆ, ಸೋಬಾನೆ ಹಾಡುವ ಮುದುಕಿಯ ಹಾಗೆ ಒಂದೇ ರಾಗದಲ್ಲಿ ನಡೆದಿತ್ತು. ಅದು ಅವಳು ಹಲ್ಲು ತಿದ್ದಿದ ರಾಗ. ಅಪ್ಪನ ಕತ್ತಿನ ನರ ಉಬ್ಬಿದ್ದನ್ನು ನೋಡುತ್ತ, ಆ ಇನ್ನೊಂದು ಸದ್ದನ್ನು ಅವಳ ಕಿವಿ ತಾನಾಗಿ ಮೆಚ್ಚುತ್ತಿತ್ತು. ತಡೆಯಲು ನೋಡಿದಳು. ಕಿವಿಗೆ ರೆಪ್ಪೆಯಿಲ್ಲ.

ಎಡಚ ನಾಲ್ಕೂ ಮುಗಿಸಿ ಯಂತ್ರ ನಿಲ್ಲಿಸಿದಾಗ ಅಪ್ಪ ಎರಡನೆಯ ದಿಮ್ಮಿಯ ನಡುವಿನಲ್ಲಿದ್ದ. ಭಟ್ಟಿಯ ಕೆಲಸದವರು ಬಾಗಿಲಲ್ಲಿ ಗುಂಪು ಕೂಡಿದ್ದರು. ಬೇಕರಿಯವರು ಬಂದು, ಅಪ್ಪನ ಕಾಲಡಿಯ ಹುಡಿಯನ್ನು ಚಪ್ಪಲಿಯ ತುದಿಯಿಂದ ಕೆದಕಿದರು.

"ಹಿಟ್ಟು ನಮ್ಮಲ್ಲೇ ಬೇಕಾದಷ್ಟಿದೆ ಯಜಮಾನ್ರೇ. ನಮಗೆ ಬೇಕಾಗಿದ್ದು ಸೌದೆ."

ಬಾಗಿಲಲ್ಲಿದ್ದವರು ನಕ್ಕರು. ಅಪ್ಪನೂ ನಗಲು ಹೋದ. ಅವನ ತುಟಿ ನಗುವಿನ ಆಕಾರಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡದ್ದನ್ನು ಅವಳು ನೋಡಬಾರದಿತ್ತು, ನೋಡಿದಳು. ಯಂತ್ರದ ತಪ್ಪೇನೂ ಇಲ್ಲ, ಅಳಿಯಂದಿರು ಅಂಗಡಿಯಲ್ಲಿ ಇದ್ದದ್ದರಲ್ಲಿ ಒಳ್ಳೆಯದನ್ನೇ ಆರಿಸಿಕೊಟ್ಟಿದ್ದಾರೆ ಎಂದು ಅವನು ಬೇಕರಿಯವರಿಗೆ ಹೇಳತೊಡಗಿದ. ಅಂಗಡಿಯ ಮರ್ಯಾದೆ, ಅಳಿಯನ ಮರ್ಯಾದೆ, ದೊಡ್ಡ ಮಗಳ ಮನೆ. ಹಾಗಾದರೆ ತಪ್ಪು ಎಲ್ಲಾದರೂ ಒಂದು ಕಡೆ ಇರಲೇಬೇಕಲ್ಲ. ಅವನ ಕಣ್ಣು ಹುಡುಕಿತು, ಈ ಸಲ ಅವಳ ಮೇಲಿಂದ ಹಾದುಹೋಗಲಿಲ್ಲ.

"ಈ ಹುಡುಗಿ ಜೋಡಿಸುವಾಗ ಏನೋ ಎಡವಟ್ಟು ಮಾಡಿದ್ದಾಳೆ. ಇವಳಿಗೆ ಅಷ್ಟೆಲ್ಲ ತಿಳಿಯಲ್ಲ. ನಾನೇ ನೋಡ್ಕೋಬೇಕಿತ್ತು."

ಅವಳು ತಲೆ ತಗ್ಗಿಸಿದಳು. ಎದೆಯೊಳಗೆ ಏನೋ ಸಡಿಲವಾಯಿತು, ಹೆಚ್ಚು ಕಡಿಮೆ ಸುಖದ ಹಾಗೆ. ಸುಳ್ಳು ಹೇಳುತ್ತಿದ್ದೇನೆಂದು ಅವನು ತಿಳಿದಿದ್ದ, ಆದರೆ ತಪ್ಪು ಅವಳದೆಂದು ಹೇಳಿದ್ದು ನಿಜ. ಈ ಲೆಕ್ಕ ಇಲ್ಲಿಗೆ ತೀರಲಿ, ಇಬ್ಬರದೂ ತೀರಲಿ ಎಂದು ಅವಳು ಬೇಡಿಕೊಂಡಳು. ಹೌದು, ನನ್ನದೇ ತಪ್ಪು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಡಚ ಕೈ ಒರೆಸಿಕೊಳ್ಳುತ್ತ ನಡುವೆ ಬಂದ. ಗೆದ್ದವನಿಗೆ ಬರುವ ಧಾರಾಳ ಅವನಿಗೆ ಬಂದಿತ್ತು. ಕೆಟ್ಟವನಲ್ಲ ಅವನು, ಆ ಹುಡುಗಿಯ ಬಾಡಿದ ಮುಖ ನೋಡಲಾರದೆ ಹೋದ.

"ಹಾಗನ್ಬೇಡಿ ಅಣ್ಣ. ನಿಮ್ಮ ಮಗಳ ಕೈ ಬಂಗಾರ. ನನ್ನ ಚೈನು ಆರಿಸಿದ್ದೂ ಇವಳೇ, ಜೋಡಿಸಿದ್ದೂ ಇವಳೇ. ಹೋದ ವಾರ ಕೇಳಿದ್ದಕ್ಕೆ, ಮೂಲೆ ಹಲ್ಲು ಬೇಡ, ಒಣ ಮರದಲ್ಲಿ ಮೂರು ತುಂಡಿಗೆ ಮೊಂಡಾಗುತ್ತೆ, ಗುಂಡು ಹಲ್ಲಿಂದೇ ಹಾಕಿ ಅಂತ ಬಿಡಿಸಿ ಬಿಡಿಸಿ ಹೇಳಿದ್ಲು. ಇವಳಿಗೆ ತಿಳಿಯದಿದ್ರೆ ಈ ಊರಲ್ಲಿ ಇನ್ಯಾರಿಗೂ ತಿಳಿಯಲ್ಲ."

ಅವಳ ಬಗ್ಗೆ ನಾಲ್ಕು ಜನರ ಮುಂದೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಬೇಕರಿಯವರು, ಹೌದಾ, ಪರವಾಗಿಲ್ವೇ ಎಂದು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲಲ್ಲಿದ್ದವರೂ ನೋಡಿದರು. ಕೆನ್ನೆ ಬಿಸಿಯಾಯಿತು, ಹೋದ ವಾರದ ಹಾಗೆಯೇ. ಮೈಗೆ ನಾಚಿಕೆಯೆಂಬುದಿಲ್ಲ, ಹೊಗಳಿದರೆ ಅದು ಅರಳಿಯೇ ಅರಳುತ್ತದೆ. ಅಪ್ಪ ಮಾತ್ರ ಅವಳನ್ನು ನೋಡಲಿಲ್ಲ. ಎಡಚನ ಗರಗಸದ ಬಳಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಚೈನಿನ ಹಲ್ಲಿಗೆ ಹೆಬ್ಬೆರಳು ತಾಗಿಸಿದ. ಒಂದೊಂದೇ ಹಲ್ಲು ಸವರಿದ, ಓದು ಬಾರದವನು ಅಕ್ಷರಗಳ ಮೇಲೆ ಬೆರಳಾಡಿಸುವ ಹಾಗೆ. ಆಮೇಲೆ ಎದ್ದು ತನ್ನ ಗರಗಸವನ್ನು ಹೆಗಲಿಗೆ ಹಾಕಿಕೊಂಡ.

ಬಂದ ದಾರಿಯಲ್ಲೇ ವಾಪಸು ನಡೆದರು. ಬರುವಾಗ ಅಷ್ಟು ಮಾತಾಡಿದವನು ಮೂರು ತಿರುವಿನವರೆಗೆ ಬರೀ ಹೆಜ್ಜೆ ಹಾಕಿದ. ಬೈಯಲಿ ಎಂದು ಅವಳು ಕಾದಳು. ಬೈದರೆ ತಿರುಗಿ ಹೇಳಲು ಅವಳ ಹತ್ತಿರ ಎಷ್ಟೊಂದು ಮಾತಿತ್ತು, ವರ್ಷಗಳಿಂದ ಒಪ್ಪವಾಗಿ ಮಡಚಿಟ್ಟದ್ದು: ದೊಡ್ಡ ಟೀಚರ ಕೋಣೆ, ಮೂರನೆಯ ಸ್ಥಾನ, ಮೂಗಿ. ನಾಲ್ಕನೆಯ ತಿರುವಿನಲ್ಲಿ ಅವನು ಹಿಂದೆ ನೋಡದೆಯೇ ಕೇಳಿದ, ದಾರಿಯನ್ನು ಕೇಳಿದ ಹಾಗೆ.

"ಅವನು ನಿನ್ನನ್ನ ಕೇಳಿದ್ನಾ?"

"ಹ್ಞೂಂ."

ಹತ್ತು ಹೆಜ್ಜೆ ಹೋಯಿತು. ಅವಳು ಕ್ಯಾನನ್ನೂ ಡಬ್ಬಿಯನ್ನೂ ಕೈ ಬದಲಿಸಿಕೊಂಡಳು.

"ನಾನು ಕೇಳ್ಲಿಲ್ಲ," ಎಂದ ಅಪ್ಪ.

ಅದರಲ್ಲಿ ಸಿಟ್ಟಿರಲಿಲ್ಲ. ಪಶ್ಚಾತ್ತಾಪವೂ ಇರಲಿಲ್ಲ, ಇದ್ದಿದ್ದರೆ ಅವಳು ಅಲ್ಲೇ ಕೂತು ಅಳಬಹುದಿತ್ತು. ಬಾಗಿಲಿಗೆ ಎಷ್ಟು ತಿರುಪು ಬೇಕೆಂದು ಎಣಿಸಿ ನೋಡಿದವನ ದನಿ ಅದು. ಮಡಚಿಟ್ಟಿದ್ದ ಮಾತುಗಳಲ್ಲಿ ಯಾವುದನ್ನು ತೆಗೆಯಲಿ ಎಂದು ಹುಡುಕಿದಳು. ಎಲ್ಲವೂ ಇದ್ದಲ್ಲೇ ಇದ್ದವು, ಒಂದೂ ಕೈಗೆ ಬರಲಿಲ್ಲ. ಅವನಿಗೆ ಪಾಠವಾಗಲಿ ಎಂದು ಅವಳು ಬಯಸಿದ್ದಳು. ಅವನಿಗೆ ಪಾಠ ಎಷ್ಟು ಬೇಗ ಹತ್ತಿತು.

ಅಂಗಡಿಯಲ್ಲಿ ಭಾವ ಕಟ್ಟೆಯ ಹಿಂದೆ ನಿಂತು ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಅಪ್ಪನ ಮುಖ ನೋಡಿಯೇ ಬಾಟಲಿ ಇಳಿಸಿದ. ಏನಾಯ್ತು ಮಾವ, ಚೈನೇನಾದರೂ ಕೈ ಕೊಟ್ಟಿತಾ ಎಂದ, ಮತ್ತು ಆ ಕೇಳುವಿಕೆಯಲ್ಲಿ ಸಣ್ಣದೊಂದು ಅಳುಕು ಇಣುಕಿದ್ದನ್ನು ಅವಳು ಮೊದಲ ಸಲ ಕಂಡಳು. ಈಗ ಅಪ್ಪ ಒಂದು ಮಾತು ಅಂದರೆ ಸಾಕು, ಭಾವನ ಜಾಣತನವೆಲ್ಲ ಕಟ್ಟೆಯ ಮೇಲೆ ಹರಡಿ ಬೀಳುತ್ತಿತ್ತು, ಅವಳು ಬಚ್ಚಿಟ್ಟದ್ದೂ. ಅಪ್ಪ ಗರಗಸವನ್ನು ಜೋಪಾನವಾಗಿ ಕೆಳಗಿಟ್ಟ.

"ಚೈನು ಚೆನ್ನಾಗೇ ಇತ್ತು. ನನ್ನ ರಟ್ಟೇಲಿ ಮೊದಲಿನ ಕಸುವಿಲ್ಲ."

ಭಾವ ಅವಳ ಕಡೆ ತಿರುಗಿ, ಹೌದೇನೇ ಎಂದ. ಎಂದೂ ಏನನ್ನೂ ಕೇಳದವನು ಕೇಳಿದ. ಅಪ್ಪನೂ ನೋಡಿದ, ಬೇಡ ಎಂದಾಗಲಿ ಹೇಳು ಎಂದಾಗಲಿ ಆ ಕಣ್ಣಿನಲ್ಲಿ ಇರಲಿಲ್ಲ; ಅವಳು ಏನು ಹೇಳುತ್ತಾಳೆ ಎಂದು ನೋಡುವ ಕುತೂಹಲವಿತ್ತು ಅಷ್ಟೆ, ಪರಿಚಯವಿಲ್ಲದವರನ್ನು ನೋಡುವಂಥದ್ದು. ಹೌದು ಭಾವ ಎಂದಳು ಅವಳು.

ಭಾವನ ಮುಖ ತಿಳಿಯಾಯಿತು. ಹೋಗ್ಲಿ ಬಿಡಿ ಮಾವ, ವಯಸ್ಸು ಯಾರನ್ನು ಬಿಟ್ಟಿದೆ, ನಾನು ಆವತ್ತೇ ಹೇಳ್ಲಿಲ್ವಾ, ನಾಳೆ ನಾಡಿದ್ದು ಅಂತ ಯಾಕೆ, ಇವತ್ತಿಂದಲೇ ಇಲ್ಲೇ ಇದ್ದುಬಿಡಿ ಎಂದು ಹೆಗಲ ಮೇಲೆ ಕೈಯಿಟ್ಟು ಹೇಳಿ ಒಳಕೋಣೆಗೆ ಹೋದ. ಒಳಗಿಂದ ಅಕ್ಕನಿಗೆ ಫೋನು ಮಾಡಿ ಇದನ್ನೇ ಹೇಳುತ್ತಿದ್ದದ್ದು ಕೇಳಿಸಿತು, ಮಾವನಿಗೆ ಕೈಲಾಗಲ್ಲ ಪಾಪ ಎಂದು. ಅಪ್ಪ ಅಂಗಡಿಯ ನಡುವೆ ನಿಂತಿದ್ದ. ಅಂಗಿಯ ತೋಳಿನಲ್ಲಿ, ಹುಬ್ಬಿನಲ್ಲಿ, ಕಿವಿಯ ಸುತ್ತ ಮರದ ಹುಡಿ ಮೆತ್ತಿಕೊಂಡು ಒಂದೇ ಬೆಳಿಗ್ಗೆಯಲ್ಲಿ ನರೆತವನ ಹಾಗೆ ಕಾಣುತ್ತಿದ್ದ. ಅವಳು ಕ್ಯಾನು ಮೂಲೆಗಿಟ್ಟು, ಡಬ್ಬಿಯನ್ನು ಅದರ ಜಾಗಕ್ಕಿಟ್ಟು, ವೈಸಿನ ಹಿಡಿತದಲ್ಲಿ ಅರ್ಧಕ್ಕೆ ಬಿಟ್ಟ ಚೈನಿನ ಮುಂದೆ ಹೋಗಿ ನಿಂತಳು. ಕೂರಲಾಗಲಿಲ್ಲ. ಅಪ್ಪ ಕಟ್ಟೆಯನ್ನು ನೋಡಿದ, ಬಾಗಿಲ ಹಿಂದಿನ ಪೊರಕೆಯನ್ನು ನೋಡಿದ, ಎಣ್ಣೆಯ ಕಲೆಯ ನೆಲವನ್ನು ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು, ಮೆಲ್ಲಗೆ, ತಿಳಿದವರ ಹತ್ತಿರ ಮಾತಾಡುವ ದನಿಯಲ್ಲಿ, ನಾನೆಲ್ಲಿ ಕೂತ್ಕೊಳ್ಳಲಿ ಎಂದು ಅವಳನ್ನು ಕೇಳಿದ.